ಹಿನ್ನೀರು ನೋಡಲು ಹೊರಡುವವರ ಗಮನಕ್ಕೆ: ಮಾಡಬೇಕಾದ್ದು, ಮಾಡಬಾರದ್ದು

ಈ ಸೂಚನೆ ಕಡಕೊಳದಿಂದ ರಜೆಗೆ ಅಣೆಕಟ್ಟೆ ನೋಡಲು ಹೊರಡುವವರಿಗೆ. ಮೈಸೂರಿನಿಂದ ನಮ್ಮೂರನ್ನು ಹಾದು ನಂಜನಗೂಡಿನ ಕಡೆ ಹೋಗುವವರಿಗೂ ಅನ್ವಯಿಸುತ್ತದೆ. ರಾತ್ರಿಪಾಳಿ ಮುಗಿಸಿ ಭಾನುವಾರ ಬೆಳಿಗ್ಗೆ ನೇರವಾಗಿ ಟಿ.ಟಿ. (ಟೆಂಪೊ ಟ್ರಾವೆಲರ್) ಹತ್ತುವ ಹುಡುಗರು, ದಸರಾ ರಜೆಗೆ ಅಜ್ಜಿ ಮೊಮ್ಮಕ್ಕಳ ಸಮೇತ ಬುತ್ತಿ ಕಟ್ಟಿಕೊಂಡು ಹೋಗುವ ಮನೆಯವರು, ಹೊಸ ಬೈಕು ತಂದ ವಾರದಲ್ಲೇ ಊಟಿ ರಸ್ತೆ ಹಿಡಿಯುವವರು, ಎಲ್ಲರೂ ಓದಿ. ಓದುವ ತಾಳ್ಮೆ ಇಲ್ಲದವರಿಗೆ ಮನೆಯಲ್ಲಿ ಯಾರಾದರೂ ಓದಿ ಹೇಳಿ.

ಹೋಗಬೇಡಿ ಎಂದು ಯಾರೂ ಹೇಳುತ್ತಿಲ್ಲ. ನಮ್ಮ ಸೀಮೆಯವರಿಗೆ ಬೆಟ್ಟ, ಕಾಡು, ತುಂಬಿದ ನೀರು ಮೂರೂ ಒಟ್ಟಿಗೆ ಸಿಗುವ ಜಾಗಗಳಿಗೆ ಬರವಿಲ್ಲ. ಹಳೆಯ ಹೆಗ್ಗಡದೇವನಕೋಟೆ ತಾಲ್ಲೂಕೊಂದರಲ್ಲೇ ಕಬಿನಿ, ನುಗು, ತಾರಕ, ಹೆಬ್ಬಳ್ಳ ಎಂದು ನಾಲ್ಕು ಜಲಾಶಯ. ಚಾಮರಾಜನಗರದಾಚೆ ಸುವರ್ಣಾವತಿ, ಚಿಕ್ಕಹೊಳೆ. ಗುಂಡ್ಲುಪೇಟೆ ದಾಟಿ ಗಡಿಯಾಚೆ ಇಳಿದರೆ ವಯನಾಡಿನ ಬಾಣಾಸುರ ಸಾಗರ, ಹತ್ತಿದರೆ ನೀಲಗಿರಿಯ ಪೈಕಾರ. ನೋಡಲೇಬೇಕಾದ ಜಾಗಗಳು, ಹೋಗಿ ನೋಡಿ. ಆದರೆ ಒಂದು ಮಾತು ತಲೆಯಲ್ಲಿ ಕೂರಲಿ: ಜಲಾಶಯ ಊರಿನ ಕೆರೆಯಲ್ಲ. ಕೆರೆಯಲ್ಲಿ ಎಲ್ಲಿ ಮೆಟ್ಟಿಲು, ಎಲ್ಲಿ ಗುಂಡಿ, ಎಲ್ಲಿ ಎಮ್ಮೆ ಇಳಿಯುವ ಜಾಗ ಎಂದು ಊರಿನವರಿಗೆ ತಲೆಮಾರಿನಿಂದ ಗೊತ್ತು. ಜಲಾಶಯದ ದಡ ಯಾರಿಗೂ ಪೂರ್ತಿ ಗೊತ್ತಿಲ್ಲ, ಏಕೆಂದರೆ ಆ ದಡ ಜೂನ್‌ನಲ್ಲಿ ಒಂದು ಕಡೆ, ಸೆಪ್ಟೆಂಬರ್‌ನಲ್ಲಿ ಇನ್ನೊಂದು ಕಡೆ, ಏಪ್ರಿಲ್‌ನಲ್ಲಿ ಮತ್ತೊಂದು ಕಡೆ. ಕೆಳಗೆ ಬರೆದಿರುವ ನಿಯಮಗಳಲ್ಲಿ ಹೆಚ್ಚಿನವು ಈ ಒಂದೇ ಕಾರಣದಿಂದ ಹುಟ್ಟಿದವು.

ಹೊರಡುವ ಮುಂಚೆ

ಹಿಂದಿನ ದಿನದ ಪತ್ರಿಕೆಯಲ್ಲಿ ಜಲಾಶಯದ ಮಟ್ಟ ನೋಡಿ. ಒಳಹರಿವು, ಹೊರಹರಿವು ಎರಡನ್ನೂ ನೋಡಿ. ಕೆಆರ್‌ಎಸ್ 124.80 ಅಡಿ ಎಂದೂ ಕಬಿನಿ 2,284 ಅಡಿ ಎಂದೂ ಅಚ್ಚಾಗಿರುವುದನ್ನು ಕಂಡು ಕಬಿನಿ ಹತ್ತಾರು ಪಟ್ಟು ಆಳ ಎಂದುಕೊಳ್ಳುವವರಿದ್ದಾರೆ. ಕೆಆರ್‌ಎಸ್‌ನದು ಕಟ್ಟೆಯ ಬುಡದಿಂದ ಎಣಿಸಿದ ಲೆಕ್ಕ, ಕಬಿನಿಯದು ಸಮುದ್ರಮಟ್ಟದಿಂದ ಎಣಿಸಿದ್ದು. ಕಬಿನಿ ತುಂಬಿದರೆ 19.52 ಟಿಎಂಸಿ, ಕೆಆರ್‌ಎಸ್ ತುಂಬಿದರೆ 49.45. ಅಂದರೆ ಕಬಿನಿಯ ಹೊಟ್ಟೆ ಸಣ್ಣದು. ಸಣ್ಣದಾದ್ದರಿಂದಲೇ ಬೇಗ ತುಂಬುತ್ತದೆ, ಬೇಗ ಗೇಟು ಎತ್ತುತ್ತಾರೆ. ನಮಗೆ ಮುಖ್ಯವಾದದ್ದು ಇದು.

ಕಡಕೊಳದ ಆಕಾಶ ನೋಡಿ ತೀರ್ಮಾನ ಮಾಡಬಾರದು. ಕಬಿನಿಗೂ ನುಗುವಿಗೂ ನೀರು ಬರುವುದು ವಯನಾಡಿನ ಕಡೆಯಿಂದ. ಇಲ್ಲಿ ಬಟ್ಟೆ ಒಣಗುವ ಬಿಸಿಲಿದ್ದರೂ ಅಲ್ಲಿ ಎರಡು ದಿನ ಮಳೆ ಹೊಡೆದರೆ ಕಪಿಲೆ, ಅಂದರೆ ಕಬಿನಿ, ಕೆಂಪಾಗಿ ಬರುತ್ತಾಳೆ. 2018 ಮತ್ತು 2019ರಲ್ಲಿ ಮಲ್ಲನಮೂಲೆ ಮಠದ ಹತ್ತಿರ ಹೆದ್ದಾರಿಯ ಮೇಲೇ ಹೊಳೆ ಹರಿದು ಮೈಸೂರು–ನಂಜನಗೂಡು ರಸ್ತೆ ಮುಚ್ಚಿದ್ದನ್ನು ನಮ್ಮೂರಿನವರು ಮರೆತಿರಲಾರರು. 2019ರ ಆಗಸ್ಟ್‌ನಲ್ಲಿ ಕಬಿನಿಯ ಹೊರಹರಿವು ಲಕ್ಷ ಕ್ಯೂಸೆಕ್ ದಾಟಿತ್ತು. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಸುಮಾರು 28 ಲೀಟರು. ಉಳಿದ ಗುಣಾಕಾರ ನೀವೇ ಮಾಡಿ. ಜೂನ್‌ನಿಂದ ಆಗಸ್ಟ್‌ವರೆಗೆ ಹೊರಡುವವರು ವಯನಾಡಿನ ಹವಾಮಾನ ವರದಿ ನೋಡಿ ಹೊರಡಿ. ಆ ಕಡೆ ಭಾರಿ ಮಳೆಯ ಎಚ್ಚರಿಕೆ ಇದ್ದರೆ ಪ್ರವಾಸವನ್ನು ಮುಂದಿನ ವಾರಕ್ಕೆ ಹಾಕಿ. ಮುಂಗಡ ಕೊಟ್ಟ ಹಣ ಹೋದರೆ ಹೋಗಲಿ.

ಕಾಡಿನ ಗೇಟಿನ ಸಮಯ ತಿಳಿದುಕೊಂಡು ಹೊರಡಿ. ನಮ್ಮೂರಿನ ಮುಂದೆಯೇ ಹೋಗುವ 766ನೇ ಹೆದ್ದಾರಿಯಲ್ಲಿ ಬಂಡೀಪುರ ಅರಣ್ಯದ ಭಾಗ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತದೆ. ಊಟಿ ರಸ್ತೆಗೂ ಅದೇ ಹೊತ್ತು. ಕಬಿನಿ ಹಿನ್ನೀರಿನ ಪಕ್ಕದಲ್ಲಿ ಹೋಗುವ ಮಾನಂದವಾಡಿ ರಸ್ತೆಯಲ್ಲಿ ಇನ್ನೂ ಬೇಗ, ಸಂಜೆ 6ಕ್ಕೇ ಗೇಟು ಬೀಳುತ್ತದೆ. ಗೇಟಿನಲ್ಲಿ ನಿಂತು ‘ಐದೇ ನಿಮಿಷ ಸ್ವಾಮಿ’ ಎಂದು ಬೇಡಬಾರದು, ಯಾರದೋ ಹೆಸರು ಹೇಳಬಾರದು, ಫೋನು ಮಾಡಿಸಬಾರದು. ಗೇಟು ಹಾಕುವವನು ನಿಮ್ಮ ಪ್ರವಾಸ ಕೆಡಿಸಲು ಹಾಕುತ್ತಿಲ್ಲ. ಕತ್ತಲಾದ ಮೇಲೆ ಆ ರಸ್ತೆ ಪ್ರಾಣಿಗಳದ್ದು.

ಸಫಾರಿ ಇರುತ್ತದೆ ಎಂದು ಮಕ್ಕಳಿಗೆ ಮಾತು ಕೊಡುವ ಮುಂಚೆ ವಿಚಾರಿಸಿ. ಸರಗೂರು ಕಡೆ ಹುಲಿ ದಾಳಿಗೆ ರೈತರು ಬಲಿಯಾದ ಮೇಲೆ 2025ರ ನವೆಂಬರ್‌ನಲ್ಲಿ ಬಂಡೀಪುರ, ನಾಗರಹೊಳೆಗಳಲ್ಲಿ ಸಫಾರಿಯನ್ನೇ ಸರ್ಕಾರ ನಿಲ್ಲಿಸಿತ್ತು. ಪೈಕಾರ ಕಡೆ ಹೋಗುವವರಿಗೆ ನೀಲಗಿರಿ ಜಿಲ್ಲೆ ಪ್ರವೇಶಿಸಲು 2024ರ ಮೇ ತಿಂಗಳಿಂದ ಇ-ಪಾಸ್ ಬೇಕು; ಮನೆಯಲ್ಲೇ ಮಾಡಿಕೊಂಡು ಹೊರಡಿ, ಗಡಿಯಲ್ಲಿ ಸಿಗ್ನಲ್ ಹುಡುಕುತ್ತಾ ನಿಲ್ಲಬೇಡಿ.

ಗೂಡ್ಸ್ ಆಟೊ, ಪಿಕಪ್, ಟ್ರ್ಯಾಕ್ಟರುಗಳಲ್ಲಿ ಜನ ತುಂಬಿಕೊಂಡು ಹೋಗಬಾರದು. ‘ಹತ್ತಿರವೇ ಅಲ್ವ’ ಎಂಬ ಮಾತಿಗೆ ಬೆಲೆ ಇಲ್ಲ. ರಾತ್ರಿಪಾಳಿ ಮಾಡಿದವನು ಗಾಡಿ ಓಡಿಸಬಾರದು. ಇದಕ್ಕೆ ವಿವರಣೆ ಬೇಕಿಲ್ಲ.

ನೀರಿಗೆ ಇಳಿಯಬಾರದು

ಈ ಸೂಚನೆಯಲ್ಲಿ ಒಂದೇ ಸಾಲು ಓದುವವರು ಇದನ್ನು ಓದಿ. ಈಜುಕೊಳದಲ್ಲಿ ಕಲಿತವರಿಗೂ, ಬಾವಿಯಲ್ಲಿ ಸೋರೆಬುರುಡೆ ಕಟ್ಟಿಕೊಂಡು ಕಲಿತವರಿಗೂ, ನಂಜನಗೂಡಿನ ಸ್ನಾನಘಟ್ಟದಲ್ಲಿ ಮಿಂದು ರೂಢಿ ಇರುವವರಿಗೂ ನಿಯಮ ಒಂದೇ. ಹಿನ್ನೀರಿಗೆ ಇಳಿಯಬಾರದು. ಮೊಣಕಾಲವರೆಗೂ ಬೇಡ, ಕಾಲು ತೊಳೆಯಲೂ ಬೇಡ. ಕಾಲು ತೊಳೆಯಬೇಕಾದರೆ ಚೊಂಬಿನಲ್ಲಿ ನೀರು ತೆಗೆದುಕೊಂಡು ಹಿಂದೆ ಬನ್ನಿ.

ಕಾರಣ ಕೇಳುವವರಿಗೆ ಹೇಳುತ್ತೇನೆ. ಕಬಿನಿ ಕಟ್ಟೆ ಮುಗಿದದ್ದು 1974ರಲ್ಲಿ. ಅದಕ್ಕೂ ಮುಂಚೆ ಅಲ್ಲಿ ಹಳ್ಳಿಗಳಿದ್ದವು, ಹೊಲಗಳಿದ್ದವು, ಬಾವಿಗಳಿದ್ದವು, ಆನೆ ಖೆಡ್ಡಾಕ್ಕೆ ಹೆಸರಾದ ಕಾಕನಕೋಟೆಯ ಕಾಡಿತ್ತು. ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ನೀರು ಬಂದಾಗ ಇದೆಲ್ಲ ಮಾಯವಾಗಲಿಲ್ಲ, ಮುಳುಗಿತು. ಬೇಸಿಗೆಯಲ್ಲಿ ನೀರು ಇಳಿದಾಗ ನೋಡಿ: ಬೂದುಬಣ್ಣದ ಮರದ ಮೋಟುಗಳು ಸಾಲುಸಾಲಾಗಿ ತಲೆ ಎತ್ತಿ ನಿಂತಿರುತ್ತವೆ. ಮಳೆಗಾಲ ಮುಗಿದ ಮೇಲೆ ನೀವು ಹೋಗಿ ‘ಎಷ್ಟು ಸಮತಟ್ಟಾದ ನೀರು’ ಎಂದು ಫೋಟೊ ತೆಗೆಯುವಾಗ ಅವೇ ಮೋಟುಗಳು ಒಂದಾಳು, ಎರಡಾಳು ಕೆಳಗಿರುತ್ತವೆ. ಮೀನು ಹಿಡಿಯುವವರ ನೈಲಾನ್ ಬಲೆ ಅವಕ್ಕೆ ಸಿಕ್ಕಿ ಹರಿದು ನೇತಾಡುತ್ತಿರುತ್ತದೆ. ಅದು ಕಾಲಿಗೆ ಸುತ್ತಿಕೊಂಡರೆ ಈಜು ಬಂದರೂ ಒಂದೇ, ಬಾರದಿದ್ದರೂ ಒಂದೇ.

ಮುಳುಗಿದ ನೆಲಕ್ಕೆ ಏರುತಗ್ಗುಗಳಿವೆ. ಹತ್ತು ಹೆಜ್ಜೆ ಮೊಣಕಾಲುದ್ದ ನೀರು, ಹನ್ನೊಂದನೆಯ ಹೆಜ್ಜೆ ಹಳೆಯ ಹೊಳೆಯ ಪಾತ್ರಕ್ಕೆ. ನಡುವೆ ಇಳಿಜಾರು ಇರಲೇಬೇಕೆಂದಿಲ್ಲ. ಹಿನ್ನೀರಿನಲ್ಲಿ ದನ ಮೇಯಿಸುವವರಿಗೆ ಇದು ಗೊತ್ತು. ಅವರಲ್ಲಿ ಯಾರಾದರೂ ‘ಅಲ್ಲಿ ಹಳೇ ಹೊಳೆ ಅದೆ ಕಣಣ್ಣ, ಇಳೀಬ್ಯಾಡಿ’ ಎಂದರೆ ಅಲ್ಲೇ ನಿಲ್ಲಿ. ಚಡ್ಡಿ ಹಾಕಿ ಕೋಲು ಹಿಡಿದವನು ಹೇಳಿದ ಎಂದು ತಾತ್ಸಾರ ಮಾಡಬೇಡಿ. ಆ ಜಾಗದ ನಕ್ಷೆ ಅವನ ತಲೆಯಲ್ಲಿರುವಷ್ಟು ಎಂಜಿನಿಯರ ಕಡತದಲ್ಲೂ ಇರಲಾರದು.

ಕೆಸರನ್ನು ನಂಬಬೇಡಿ. ನೀರು ಹಿಂದೆ ಸರಿದ ಜಾಗದಲ್ಲಿ ಮಣ್ಣು ಮೇಲುಗಡೆ ಒಣಗಿ, ಬಿರುಕು ಬಿಟ್ಟು, ಗಟ್ಟಿ ನೆಲದ ಹಾಗೆ ಕಾಣುತ್ತದೆ. ನಾಯಿ ನಡೆದುಹೋದ ಹೆಜ್ಜೆಗುರುತೂ ಇರುತ್ತದೆ. ನಾಯಿಯ ಭಾರಕ್ಕೆ ಒಡೆಯದ ಆ ಹಕ್ಕಳೆ ನಿಮ್ಮ ಭಾರಕ್ಕೆ ಒಡೆಯುತ್ತದೆ. ಒಂದು ಕಾಲು ಮೊಣಕಾಲವರೆಗೆ ಹೋಗುತ್ತದೆ, ಅದನ್ನು ಎಳೆಯಲು ಇನ್ನೊಂದನ್ನು ಊರಿದರೆ ಅದೂ ಹೋಗುತ್ತದೆ. ಹಾಗೇನಾದರೂ ಸಿಕ್ಕಿಕೊಂಡರೆ ಒದ್ದಾಡಬೇಡಿ. ಹಿಂದಕ್ಕೆ ಕುಳಿತು, ಆಮೇಲೆ ಮಲಗಿ, ಮೈಭಾರವನ್ನು ಅಗಲವಾಗಿ ಹರಡಿ. ಕಾಲನ್ನು ನಿಧಾನವಾಗಿ ಅಲುಗಿಸುತ್ತಾ ಬಿಡಿಸಿಕೊಳ್ಳಿ. ಚಪ್ಪಲಿ ಅಲ್ಲೇ ಇರಲಿ. ಚಪ್ಪಲಿಗಾಗಿ ಮತ್ತೆ ಹೋಗಬಾರದು. ನಗಬೇಡಿ, ಚಪ್ಪಲಿ ತರಲು ಮತ್ತೆ ಹೋಗುವವರೇ ಹೆಚ್ಚು.

ಇನ್ನು ಮೊಸಳೆ. ಕಬಿನಿ ಹಿನ್ನೀರಿನಲ್ಲಿ ಮೊಸಳೆಗಳಿವೆ, ದಡದಲ್ಲಿ ಬಿಸಿಲು ಕಾಯುತ್ತಾ ಮಲಗಿರುತ್ತವೆ. ಇಷ್ಟು ಹೇಳಿದರೆ ಸಾಕು.

‘ನಾವೇನು ಮಕ್ಕಳಾ, ಜಿಮ್‌ಗೆ ಹೋಗ್ತೀವಿ’ ಎನ್ನುವ ಹುಡುಗರು 2016ರ ನವೆಂಬರ್ 7ನ್ನು ನೆನೆಯಿರಿ. ‘ಮಾಸ್ತಿಗುಡಿ’ ಚಿತ್ರಕ್ಕಾಗಿ ತಿಪ್ಪಗೊಂಡನಹಳ್ಳಿ ಜಲಾಶಯಕ್ಕೆ ಹೆಲಿಕಾಪ್ಟರಿನಿಂದ ಹಾರಿದ ಮೂವರಲ್ಲಿ ಇಬ್ಬರು ನಟರು ದಡ ಸೇರಲಿಲ್ಲ. ಇಬ್ಬರೂ ಕಟ್ಟುಮಸ್ತಾದ ಆಳುಗಳು. ಕ್ಯಾಮೆರಾ ಇತ್ತು, ಜನ ಇದ್ದರು, ಹಗಲಿತ್ತು. ಶವ ಹುಡುಕಲು ದಿನಗಳೇ ಹಿಡಿದವು. ತೋಳಿನ ಸ್ನಾಯುವಿಗೂ ಆಳದ ನೀರಿಗೂ ಸಂಬಂಧವಿಲ್ಲ.

ಯಾರಾದರೂ ನೀರಿಗೆ ಬಿದ್ದರೆ

ನೀರಿಗೆ ಹಾರಬಾರದು. ಮನಸ್ಸು ಒಪ್ಪುವುದಿಲ್ಲ, ಗೊತ್ತು. ಆದರೂ ಹಾರಬಾರದು. ನಮ್ಮ ಕಡೆ ಕೆರೆ, ನಾಲೆ, ಹಿನ್ನೀರಿನ ಸಾವಿನ ಸುದ್ದಿಗಳನ್ನು ಓದಿ ನೋಡಿ: ಒಬ್ಬನೇ ಸತ್ತ ಸುದ್ದಿಗಿಂತ ಒಬ್ಬ ಜಾರಿದ, ಅವನನ್ನು ಎಳೆಯಲು ತಮ್ಮ ಇಳಿದ, ತಮ್ಮನನ್ನು ಎಳೆಯಲು ಚಿಕ್ಕಪ್ಪ ಇಳಿದ ಎಂಬ ಸುದ್ದಿಯೇ ಕಣ್ಣಿಗೆ ಬೀಳುತ್ತದೆ. ಮುಳುಗುತ್ತಿರುವವನು ಸಿಕ್ಕಿದ್ದನ್ನು ಹತ್ತಿ ಮೇಲೆ ಬರಲು ನೋಡುತ್ತಾನೆ. ಸಿಕ್ಕಿದ್ದು ನಿಮ್ಮ ಹೆಗಲಾದರೆ ನೀವು ಕೆಳಗೆ ಹೋಗುತ್ತೀರಿ. ಅದರಲ್ಲಿ ಅವನ ತಪ್ಪಿಲ್ಲ.

ಮೊದಲು ಎಸೆಯಿರಿ. ಹಗ್ಗ ಇದ್ದರೆ ಹಗ್ಗ. ಇಲ್ಲದಿದ್ದರೆ ಸೀರೆ, ಪಂಚೆ, ವೇಲು. ಎರಡು ಪಂಚೆಗಳ ಮೂಲೆಗಳನ್ನು ಗಂಟು ಹಾಕುವಾಗ ಒಂದು ಗಂಟು ಸಾಲದು, ಒದ್ದೆಯಾದಾಗ ಜಾರುತ್ತದೆ. ಎರಡು ಗಂಟು ಹಾಕಿ ಎಳೆದು ನೋಡಿ. ತುದಿಗೆ ಅರ್ಧ ನೀರಿರುವ ಬಾಟಲಿ ಕಟ್ಟಿದರೆ ದೂರ ಹೋಗುತ್ತದೆ, ತೇಲುತ್ತದೆ. ಮುಚ್ಚಳ ಬಿಗಿದ ಖಾಲಿ ಐದು ಲೀಟರ್ ಎಣ್ಣೆ ಕ್ಯಾನು ಸಿಕ್ಕಿದರೆ ಅದಕ್ಕಿಂತ ಒಳ್ಳೆಯದು ಬೇರೆ ಇಲ್ಲ. ಅದನ್ನು ತಬ್ಬಿಕೊಂಡು ಒಬ್ಬ ಮನುಷ್ಯ ಬಾಯಿ, ಮೂಗು ನೀರಿನ ಮೇಲಿಟ್ಟುಕೊಳ್ಳಬಹುದು. ಎಸೆಯುವವರು ದಡದಲ್ಲಿ ಹೊಟ್ಟೆಯ ಮೇಲೆ ಮಲಗಿ ಎಸೆಯಿರಿ, ಇನ್ನಿಬ್ಬರು ಕಾಲು ಹಿಡಿದುಕೊಳ್ಳಲಿ. ನಿಂತು ಎಳೆದರೆ ನೀವೂ ಒಳಗೆ.

ಮುಳುಗುವವರು ಸಿನಿಮಾದಲ್ಲಿ ಕೂಗುವ ಹಾಗೆ ಕೂಗುವುದಿಲ್ಲ. ಉಸಿರಿಗೇ ಬಾಯಿ ಸಾಲದಿರುವಾಗ ‘ಕಾಪಾಡಿ’ ಎನ್ನಲು ಬಾಯಿ ಎಲ್ಲಿಂದ ಬರಬೇಕು? ತಲೆ ಹಿಂದಕ್ಕೆ ವಾಲಿರುತ್ತದೆ, ಬಾಯಿ ನೀರಿನ ಮಟ್ಟದಲ್ಲಿ ಮುಚ್ಚಿ ತೆರೆಯುತ್ತಿರುತ್ತದೆ, ಕೈಗಳು ನೀರನ್ನು ಕೆಳಕ್ಕೆ ಒತ್ತುತ್ತಿರುತ್ತವೆ. ದಡದಲ್ಲಿ ಕೂತವರಿಗೆ ಆಟವಾಡುತ್ತಿರುವಂತೆ ಕಾಣುತ್ತದೆ. ಮಕ್ಕಳಂತೂ ಸದ್ದಿಲ್ಲದೆ ಮುಳುಗುತ್ತಾರೆ. ಆದ್ದರಿಂದ ದಡದಲ್ಲಿ ಇರುವಷ್ಟು ಹೊತ್ತು ಮಕ್ಕಳನ್ನು ನೋಡಿಕೊಳ್ಳುವ ಕೆಲಸವನ್ನು ಒಬ್ಬ ದೊಡ್ಡವರಿಗೆ ಹೆಸರು ಹಿಡಿದು ವಹಿಸಿ. ‘ಎಲ್ಲರೂ ನೋಡ್ಕೊಳ್ಳಿ’ ಎಂದರೆ ಯಾರೂ ನೋಡುವುದಿಲ್ಲ. ವಹಿಸಿಕೊಂಡವರು ಫೋನು ಜೇಬಿನಲ್ಲಿಡಬೇಕು. ಅರ್ಧ ಗಂಟೆಗೊಮ್ಮೆ ಆಳು ಬದಲಾಯಿಸಿ.

ಮೇಲೆತ್ತಿದವರನ್ನು ತಲೆಕೆಳಗು ಮಾಡಬಾರದು. ಹೆಗಲ ಮೇಲೆ ಹಾಕಿಕೊಂಡು ಗಿರಗಿರ ತಿರುಗಿಸಬಾರದು. ಹೊಟ್ಟೆ ಒತ್ತಿ ನೀರು ಕಕ್ಕಿಸಬಾರದು. ಕಕ್ಕಿದ್ದು ಶ್ವಾಸಕೋಶಕ್ಕೆ ಹೋಗುತ್ತದೆ. ನಮ್ಮಲ್ಲಿ ಹಿರಿಯರು ಇದನ್ನೇ ಮಾಡುತ್ತಾ ಬಂದಿದ್ದಾರೆ. ಅವರ ಮೇಲಿನ ಗೌರವ ಹಾಗೇ ಇರಲಿ, ಈ ಪದ್ಧತಿ ಬಿಡಿ. ಉಸಿರಿದೆಯೇ ನೋಡಿ. ಇಲ್ಲದಿದ್ದರೆ ಬೆನ್ನ ಮೇಲೆ ಮಲಗಿಸಿ, ಗದ್ದ ಎತ್ತಿ, ಮೂಗು ಹಿಡಿದು, ಬಾಯಿಗೆ ಬಾಯಿಟ್ಟು ಎರಡು ಸಲ ಉಸಿರು ಊದಿ. ಆಮೇಲೆ ಎದೆಯ ನಡುವೆ ಅಂಗೈ ಊರಿ, ಎರಡಂಗುಲ ತಗ್ಗುವಷ್ಟು ಬಲವಾಗಿ, ಸೆಕೆಂಡಿಗೆ ಸುಮಾರು ಎರಡರಂತೆ 30 ಸಲ ಒತ್ತಿ. ಮತ್ತೆ ಎರಡು ಉಸಿರು, ಮತ್ತೆ 30. ಆಂಬುಲೆನ್ಸ್ ಬರುವವರೆಗೆ ನಿಲ್ಲಿಸಬಾರದು. ಸುಸ್ತಾದರೆ ಬೇರೊಬ್ಬರು ಮುಂದುವರಿಸಲಿ. ನೀವು ಇದನ್ನು ಮಾಡುವಾಗ ಇನ್ನೊಬ್ಬರು 108ಕ್ಕೋ 112ಕ್ಕೋ ಕರೆ ಮಾಡಲಿ. ಕಬಿನಿ, ನುಗು ಕಡೆಯವರಿಗೆ ಎಚ್.ಡಿ.ಕೋಟೆಯಲ್ಲಿ ತಾಲ್ಲೂಕು ಆಸ್ಪತ್ರೆ, ಸರಗೂರಿನಲ್ಲಿ ವಿವೇಕಾನಂದ ಸ್ಮಾರಕ ಆಸ್ಪತ್ರೆ ಇವೆ. ಎಚ್ಚರವಾಗಿ ಎದ್ದು ಕೂತು ‘ಏನಿಲ್ಲ, ಚೆನ್ನಾಗಿದೀನಿ’ ಎಂದವರನ್ನೂ ಕರೆದುಕೊಂಡು ಹೋಗಿ. ಶ್ವಾಸಕೋಶಕ್ಕೆ ಹೋದ ನೀರಿನ ತೊಂದರೆ ಕೆಲವು ಗಂಟೆ ಕಳೆದ ಮೇಲೆ ಕಾಣಿಸಿಕೊಳ್ಳಬಹುದು.

ದೋಣಿ

ಟಿಕೆಟ್ ಕೊಡುವ, ಲೈಫ್ ಜಾಕೆಟ್ ಕೊಡುವ ದೋಣಿ ಬಿಟ್ಟು ಬೇರೆ ಯಾವುದಕ್ಕೂ ಹತ್ತಬಾರದು. ಮೀನುಗಾರರ ಹರಿಗೋಲು ಮೀನುಗಾರರಿಗೆ. ‘ನೂರು ರೂಪಾಯಿ ಕೊಡ್ತೀವಿ, ಒಂದು ರೌಂಡು’ ಎಂದು ಅವರನ್ನು ಪುಸಲಾಯಿಸಬಾರದು. ಜಾಕೆಟ್ ಹಾಕಿದರೆ ಸಾಲದು, ಎಲ್ಲ ಬಕಲ್ಲುಗಳನ್ನೂ ಬಿಗಿಯಿರಿ. ಹೆಗಲ ಹತ್ತಿರ ಹಿಡಿದು ಮೇಲಕ್ಕೆ ಎಳೆದಾಗ ಅದು ಕಿವಿಯವರೆಗೆ ಬಂದರೆ ಹಾಕಿಯೂ ಹಾಕದಂತೆ. ಮಗುವಿಗೆ ದೊಡ್ಡವರ ಜಾಕೆಟ್ ಹಾಕಬಾರದು, ಮಗು ಕೆಳಗಿನಿಂದ ಜಾರಿಹೋಗುತ್ತದೆ. ಮಗುವಿನ ಅಳತೆಯದು ಇಲ್ಲವೆಂದರೆ ಮಗು ದಡದಲ್ಲಿರಲಿ, ಜೊತೆಗೆ ಒಬ್ಬರು ಇರಲಿ. ಫೋಟೊ ಚೆನ್ನಾಗಿ ಬರುವುದಿಲ್ಲ ಎಂದು ನಡುನೀರಿನಲ್ಲಿ ಜಾಕೆಟ್ ಬಿಚ್ಚುವವರಿದ್ದಾರೆ. ದೋಣಿಯವರು ಅಂಥವರನ್ನು ತಕ್ಷಣ ದಡಕ್ಕೆ ತಂದು ಬಿಡಬೇಕು.

ದೋಣಿಯಲ್ಲಿ ಎದ್ದು ನಿಲ್ಲಬಾರದು. ಪ್ರಾಣಿ ಕಂಡಾಗಲಂತೂ ಏಳಲೇಬಾರದು. ಕೇರಳದ ತೇಕ್ಕಡಿಯೂ ಬೆಟ್ಟದ ನಡುವಿನ ಅಣೆಕಟ್ಟೆಯ ಹಿನ್ನೀರೇ. ಅಲ್ಲಿ 2009ರ ಸೆಪ್ಟೆಂಬರ್ 30ರಂದು ಎರಡಂತಸ್ತಿನ ಪ್ರವಾಸಿ ದೋಣಿ ಮಗುಚಿ 45 ಜನ ಸತ್ತರು. ದಡದಲ್ಲಿ ಪ್ರಾಣಿಗಳು ಕಂಡವೆಂದು ಜನ ಒಂದೇ ಪಕ್ಕಕ್ಕೆ ನುಗ್ಗಿದ್ದು ಕಾರಣಗಳಲ್ಲೊಂದು. ಆನೆ ಕಂಡರೆ ಕೂತಲ್ಲಿಂದಲೇ ನೋಡಿ. ನಿಮ್ಮ ಪಕ್ಕಕ್ಕೆ ಕಾಣದಿದ್ದರೆ ಚಾಲಕ ದೋಣಿ ತಿರುಗಿಸುತ್ತಾನೆ, ತಾಳಿ.

ಕಟ್ಟೆಯ ಮೇಲೆ, ಕಟ್ಟೆಯ ಕೆಳಗೆ

ಕಟ್ಟೆಯ ಮೇಲೆ ಹೋಗಲು ನೀರಾವರಿ ನಿಗಮದವರ ಅನುಮತಿ ಬೇಕು. ಕಾವಲುಗಾರ ಬೇಡ ಎಂದರೆ ಬೇಡ. ಡ್ರೋನ್ ಹಾರಿಸಬಾರದು, ಕಟ್ಟೆಯ ಮೇಲೂ ಇಲ್ಲ, ಕಾಡಿನ ಮೇಲೂ ಇಲ್ಲ. ರೈಲಿಂಗ್ ಹತ್ತಿ ಕೂರಬಾರದು.

ಕಟ್ಟೆಯ ಕೆಳಗೆ, ಹೊಳೆಯ ಪಾತ್ರದ ಬಂಡೆಗಳ ಮೇಲೆ ಊಟಕ್ಕೆ ಕೂರಬಾರದು. ಬೇಸಿಗೆಯಲ್ಲಿ ಅಲ್ಲಿ ಕಾಲುವೆಯಷ್ಟು ನೀರು, ಬೆಚ್ಚಗಿನ ಬಂಡೆ, ಮರದ ನೆರಳು ಎಲ್ಲ ಇರುತ್ತದೆ. ಆದರೆ ತೂಬು ಎತ್ತುವುದು ನಿಮ್ಮ ಊಟದ ಹೊತ್ತು ನೋಡಿಕೊಂಡಲ್ಲ. ಕುಡಿಯುವ ನೀರಿಗೆ, ನಾಲೆಗೆ, ತಮಿಳುನಾಡಿನ ಪಾಲಿಗೆ ಬೇಸಿಗೆಯಲ್ಲೂ ನೀರು ಬಿಡುತ್ತಾರೆ. ಸೈರನ್ ಕೇಳಿದರೆ ಚಾಪೆ, ಪಾತ್ರೆ, ತಿಂಡಿ ಎಲ್ಲ ಅಲ್ಲೇ ಬಿಟ್ಟು ದಡ ಹತ್ತಿ. ಸೈರನ್ ಕೇಳದಿದ್ದರೂ ನೀರಿನ ಬಣ್ಣ ಬದಲಾದರೆ, ಕಸಕಡ್ಡಿ ತೇಲಿಬಂದರೆ, ಸದ್ದು ಹೆಚ್ಚಿದರೆ ಹತ್ತಿ. ರಭಸದ ನೀರು ಮೊಣಕಾಲು ಮುಟ್ಟಿದರೆ ಸಾಕು, ನಿಂತ ಮನುಷ್ಯ ಬೀಳುತ್ತಾನೆ. ನಾಲೆಗೂ ಇಳಿಯಬಾರದು: ಸಿಮೆಂಟ್ ಹಾಕಿದ ನಾಲೆಯ ಪಕ್ಕ ಪಾಚಿ ಕಟ್ಟಿರುತ್ತದೆ, ಇಳಿಯುವುದು ಸುಲಭ, ಹತ್ತಲು ಹಿಡಿತವಿಲ್ಲ.

ಕಾಡಿನ ರಸ್ತೆಯಲ್ಲಿ

ಗಾಡಿ ನಿಲ್ಲಿಸಬಾರದು, ಇಳಿಯಬಾರದು, ಹಾರ್ನ್ ಹೊಡೆಯಬಾರದು, ಕೋತಿಗೆ ತಿಂಡಿ ಕೊಡಬಾರದು. ಆನೆಯ ಜೊತೆ ಸೆಲ್ಫಿ ಎಂಬುದು ಇಲ್ಲ. 2025ರ ಆಗಸ್ಟ್‌ನಲ್ಲಿ ಬಂಡೀಪುರದ ಕೆಕ್ಕನಹಳ್ಳ ರಸ್ತೆಯಲ್ಲಿ ಸೆಲ್ಫಿಗೆ ಹೋದವರೊಬ್ಬರನ್ನು ಆನೆ ಅಟ್ಟಿಸಿಕೊಂಡು ಬಂದು ತುಳಿಯಿತು. ಜೀವ ಉಳಿಯಿತು, ಮೇಲೆ 25 ಸಾವಿರ ರೂಪಾಯಿ ದಂಡವೂ ಬಿತ್ತು. ಆ ವಿಡಿಯೊವನ್ನು ನಮ್ಮೂರಿನಲ್ಲಿ ನೋಡದವರಿಲ್ಲ. ನೋಡಿ ನಕ್ಕವರೇ ಮುಂದಿನ ವಾರ ಅದೇ ರಸ್ತೆಯಲ್ಲಿ ಗಾಡಿ ನಿಲ್ಲಿಸುತ್ತಾರೆ.

ಏಪ್ರಿಲ್, ಮೇ ತಿಂಗಳಲ್ಲಿ ಕಬಿನಿ ಹಿನ್ನೀರು ಇಳಿದು ದಡದಲ್ಲಿ ಹಸಿ ಹುಲ್ಲು ಚಿಗುರಿದಾಗ ಆನೆಗಳು ಹಿಂಡುಹಿಂಡಾಗಿ ಬರುತ್ತವೆ. ಜಗತ್ತಿನ ನಾನಾ ಕಡೆಯಿಂದ ಜನ ಅದನ್ನು ನೋಡಲೆಂದೇ ಬರುತ್ತಾರೆ. ಸುತ್ತಣ ಕಾಡು ಒಣಗಿದಾಗ ಆನೆಗೆ ಉಳಿಯುವುದು ಅದೇ ನೀರು, ಅದೇ ಹುಲ್ಲು. ನೀವು ದಡಕ್ಕೆ ಗಾಡಿ ಇಳಿಸಿದರೆ ಮರಿ ಕಟ್ಟಿಕೊಂಡ ಹಿಂಡು ನೀರು ಕುಡಿಯದೆ ವಾಪಸು ಹೋಗುತ್ತದೆ. ಅಧಿಕೃತ ಸಫಾರಿಯಲ್ಲೇ ನೋಡಿ.

ಬೆಂಕಿ ಹಚ್ಚಬಾರದು. ಒಲೆ ಹೂಡಿ ಬಾಡೂಟ ಮಾಡಬಾರದು, ಬೀಡಿ ಸಿಗರೇಟಿನ ತುಂಡು ಎಸೆಯಬಾರದು. 2019ರ ಫೆಬ್ರವರಿಯಲ್ಲಿ ಬಂಡೀಪುರದ ಸಾವಿರಾರು ಎಕರೆ ಕಾಡು ಸುಟ್ಟಿತು. ಊಟ ಮನೆಯಿಂದಲೇ ಆಗಲಿ. ಚಿತ್ರಾನ್ನ, ಪುಳಿಯೋಗರೆ, ಮೊಸರನ್ನ ಕಟ್ಟಿಕೊಂಡು ಹೋಗಿ ಹೆದ್ದಾರಿಯ ಬದಿಯ ಊರಿನಲ್ಲಿ, ಮನುಷ್ಯರಿರುವ ಜಾಗದಲ್ಲಿ ಉಣ್ಣಿ.

ಕುಡಿತ, ಕಸ

ಕುಡಿದು ದಡಕ್ಕೆ ಹೋಗಬಾರದು, ದಡದಲ್ಲಿ ಕುಡಿಯಬಾರದು. ಕುಡಿದವನಿಗೆ ಆಳ ತಿಳಿಯುವುದಿಲ್ಲ, ದೂರ ತಿಳಿಯುವುದಿಲ್ಲ, ಗೆಳೆಯರ ಮುಂದೆ ಹಿಂದೆ ಸರಿಯಲು ಮನಸ್ಸೂ ಬರುವುದಿಲ್ಲ. ಟಿ.ಟಿ.ಯಲ್ಲಿ ಬಾಟಲಿ ಕಂಡರೆ ಚಾಲಕ ಗಾಡಿ ತಿರುಗಿಸಲಿ, ಬಾಡಿಗೆ ಪೂರ್ತಿ ತೆಗೆದುಕೊಳ್ಳಲಿ. ಒಡೆದ ಬಾಟಲಿಯ ಗಾಜು ನೀರು ಇಳಿದಾಗ ಆನೆಯ ಕಾಲಿಗೆ, ದನದ ಗೊರಸಿಗೆ ಸಿಗುತ್ತದೆ.

ತಂದ ಕಸವನ್ನೆಲ್ಲ ಅದೇ ಚೀಲದಲ್ಲಿ ವಾಪಸು ತನ್ನಿ. ಮಗುವಿನ ಡಯಾಪರ್ ಕೂಡ. ಇದು ಬರೀ ಸ್ವಚ್ಛತೆಯ ಮಾತಲ್ಲ. ಕಬಿನಿಯ ನೀರೇ ನಂಜನಗೂಡಿಗೆ ಹರಿದುಬರುತ್ತದೆ, ಮೈಸೂರಿನ ಎಷ್ಟೋ ಬಡಾವಣೆಗಳ ನಲ್ಲಿಗೂ ಬರುತ್ತದೆ. ನೀವು ಭಾನುವಾರ ಎಸೆದದ್ದು ತೊಳೆದುಕೊಂಡು ಇತ್ತಲೇ ಹರಿಯುತ್ತದೆ. ಮೀನು ಹಿಡಿಯುವ ಆಸೆ ಇದ್ದವರಿಗೆ: ಗಾಳ ಹಾಕಲು ಮೀನುಗಾರಿಕೆ ಇಲಾಖೆಯ ಪರವಾನಗಿ ಬೇಕು.

ಅಲ್ಲಿನ ಜನ

ಕಾರಾಪುರ, ಅಂತರಸಂತೆ, ಬೀಚನಹಳ್ಳಿ ಸುತ್ತಮುತ್ತ ಇರುವ ಹಾಡಿಗಳಲ್ಲಿ ಜೇನುಕುರುಬರು, ಕಾಡುಕುರುಬರು ಇದ್ದಾರೆ. ಹಾಡಿಯೊಳಗೆ ಕರೆಯದೆ ಹೋಗಬಾರದು. ಕೇಳದೆ ಫೋಟೊ ತೆಗೆಯಬಾರದು. ಮಕ್ಕಳಿಗೆ ಚಾಕೊಲೇಟ್ ಎಸೆಯಬಾರದು, ಎಸೆದು ವಿಡಿಯೊ ಮಾಡುವುದಂತೂ ನಾಚಿಕೆಗೇಡು. ಈ ಕಟ್ಟೆಗಳು ನಮ್ಮ ಗದ್ದೆಗೆ, ನಮ್ಮ ನಲ್ಲಿಗೆ ನೀರು ಕೊಡಲು ಕಟ್ಟಿದವು. ನೆಲ ಬಿಟ್ಟುಕೊಟ್ಟವರು ಅವರು. ದಾರಿ ಕೇಳುವಾಗ ‘ಏಯ್’ ಎನ್ನದೆ ಅಣ್ಣ, ಅಕ್ಕ ಎಂದು ಕರೆಯಿರಿ. ಟೀ ಕುಡಿಯುವುದಿದ್ದರೆ ಅವರ ಊರಿನ ಅಂಗಡಿಯಲ್ಲೇ ಕುಡಿದು ನಾಲ್ಕು ಕಾಸು ಅಲ್ಲೇ ಬಿಟ್ಟು ಬನ್ನಿ.

ಗಾಡಿಯಲ್ಲಿ ಇರಲೇಬೇಕಾದ್ದು

ಬೆರಳು ದಪ್ಪದ ನೈಲಾನ್ ಹಗ್ಗ, ಇಪ್ಪತ್ತು ಮೀಟರು. ಮುಚ್ಚಳವಿರುವ ಖಾಲಿ ಕ್ಯಾನು ಎರಡು. ಟಾರ್ಚು. ಒಣಬಟ್ಟೆ, ಹೊದಿಕೆ. ಕುಡಿಯುವ ನೀರು. ಎಲ್ಲರ ಹೆಸರು, ಮನೆಯವರ ಫೋನ್ ನಂಬರ್ ಬರೆದ ಒಂದು ಚೀಟಿ, ಏಕೆಂದರೆ ಹಿನ್ನೀರಿನ ಕಡೆ ಎಷ್ಟೋ ಜಾಗಗಳಲ್ಲಿ ಸಿಗ್ನಲ್ ಸಿಗುವುದಿಲ್ಲ, ಸಿಕ್ಕಾಗ ಫೋನಿನ ಬ್ಯಾಟರಿ ಇರುವುದಿಲ್ಲ. ಎಲ್ಲಿಗೆ ಹೋಗುತ್ತೀರಿ, ಎಷ್ಟು ಹೊತ್ತಿಗೆ ಮರಳುತ್ತೀರಿ ಎಂದು ಮನೆಯಲ್ಲಿ ಉಳಿಯುವವರಿಗೆ ಹೇಳಿ ಹೊರಡಿ. ದಾರಿಯಲ್ಲಿ ಮನಸ್ಸು ಬದಲಾಯಿಸಿ ಕಬಿನಿ ಬಿಟ್ಟು ನುಗುವಿಗೆ ತಿರುಗಿದರೆ ಅದನ್ನೂ ಫೋನು ಮಾಡಿ ಹೇಳಿ.

ಹಾವು ಕಚ್ಚಿದರೆ ಕೊಯ್ಯಬಾರದು, ಬಿಗಿದು ಕಟ್ಟಬಾರದು, ಮಂತ್ರ ಹಾಕಿಸಲು ಹೊತ್ತು ಕಳೆಯಬಾರದು. ಕಚ್ಚಿದ ಕೈಕಾಲು ಅಲುಗಾಡಿಸದೆ ನೇರ ಆಸ್ಪತ್ರೆಗೆ.

ನಿಮ್ಮ ಟಿ.ಟಿ.ಯ ಹಿರಿಯರಲ್ಲಿ ಒಬ್ಬರು ಈ ಸೂಚನೆಯನ್ನು ಗಾಡಿ ಹೊರಡುವ ಮುಂಚೆ ಗಟ್ಟಿಯಾಗಿ ಓದಬೇಕು. ‘ನೀರಿಗೆ ಇಳಿಯುವುದಿಲ್ಲ’ ಎಂದು ಎಲ್ಲರಿಂದಲೂ ಬಾಯಿಬಿಟ್ಟು ಹೇಳಿಸಬೇಕು. ಹೇಳಲು ಒಪ್ಪದವರನ್ನು ಹತ್ತಿಸಿಕೊಳ್ಳಬೇಡಿ. ಹಗ್ಗ ಇನ್ನೂ ಕೊಂಡಿಲ್ಲದವರು ಹೊರಡುವ ದಿನ ಅಂಗಡಿ ತೆರೆದಿರುತ್ತದೆ ಎಂದು ನಂಬದೆ ಈ ವಾರವೇ ಕೊಂಡು ಡಿಕ್ಕಿಯಲ್ಲಿ ಹಾಕಿಡಿ.